ನಮ್ಮ ಮಕ್ಕಳೂ ಮುಂದಾಳುಗಳಾಗಲಿ

2022ರ ಏಪ್ರಿಲ್ 16ರ ರಾತ್ರಿಯನ್ನು ಹಳೇ ಹುಬ್ಬಳ್ಳಿ ಇನ್ನೂ ಮರೆತಿಲ್ಲ. ಸಾಮಾಜಿಕ ಜಾಲತಾಣದ ಒಂದು ಪೋಸ್ಟ್‌ನಿಂದ ಸಿಟ್ಟಾದ ಜನ ಪೊಲೀಸ್ ಠಾಣೆ ಮುಂದೆ ಸೇರಿದರು, ಕಲ್ಲು ತೂರಾಟವಾಯಿತು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಕೆಲವರು ವರ್ಷಕ್ಕೂ ಮೀರಿ ಜೈಲಿನಲ್ಲಿದ್ದರು. ತಪ್ಪು ಯಾರದು ಅಂತ ಕೋರ್ಟ್ ತೀರ್ಮಾನಿಸಲಿ. ನಾವು ಕೇಳುವುದು ಬೇರೆ. ದೂರನ್ನು ಸರಿಯಾಗಿ ಬರೆದು ಕೊಡುವ, "ಸಾಕು, ಮನೆಗೆ ಹೋಗಿ" ಅಂದರೆ ಹುಡುಗರು ಮಾತು ಕೇಳುವಂಥ ಯುವಕರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಅಂಥವರು ತಯಾರಾಗಬೇಕಾದ ಜಾಗ ಕಾಲೇಜು. ಅಲಿಗಢದಲ್ಲಿ 1884ರಲ್ಲೇ ವಿದ್ಯಾರ್ಥಿಗಳ ಯೂನಿಯನ್ ಕ್ಲಬ್ ಶುರುವಾಗಿತ್ತು. 1920ರಲ್ಲಿ ಗಾಂಧೀಜಿಯ ಕರೆ ಕೇಳಿ ಅಲಿಗಢದ ಕಾಲೇಜು ಬಿಟ್ಟು, ಜಾಮಿಯಾ ಮಿಲ್ಲಿಯಾ ಕಟ್ಟಲು ಹೊರಟ ವಿದ್ಯಾರ್ಥಿಗಳ ಮುಂದಾಳುಗಳಲ್ಲಿ ಝಾಕಿರ್ ಹುಸೇನ್ ಒಬ್ಬರು. ಆಗ ಅವರಿಗೆ 23 ವರ್ಷ. ಮುಂದೆ 1967ರಲ್ಲಿ ಅವರು ದೇಶದ ರಾಷ್ಟ್ರಪತಿಯಾದರು.

ಇನ್ನು ನಮ್ಮ ಊರಿಗೆ ಬರೋಣ. ಘಂಟಿಕೇರಿಯ ನೆಹರೂ ಕಾಲೇಜನ್ನು ನಡೆಸುವ ಅಂಜುಮನ್-ಎ-ಇಸ್ಲಾಂ ಸಂಸ್ಥೆಯ ಪದಾಧಿಕಾರಿಗಳನ್ನು ಸದಸ್ಯರು ಓಟು ಹಾಕಿ ಆರಿಸುತ್ತಾರೆ. ಹಿರಿಯರಿಗೆ ಓಟಿನ ಬೆಲೆ ಗೊತ್ತು. ಮಕ್ಕಳಿಗೆ ಮಾತ್ರ ಆ ಪಾಠ ಸಿಗುತ್ತಿಲ್ಲ. ರಾಜ್ಯದ ಕಾಲೇಜುಗಳಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಚುನಾವಣೆಗೆ ತಡೆ ಇದೆ. ಹೆಚ್ಚಿನ ಕಡೆ ಜಾಸ್ತಿ ಮಾರ್ಕ್ಸ್ ತೆಗೆದವರೇ ಪ್ರತಿನಿಧಿ. ಆದರೆ ಮಾರ್ಕ್ಸ್ ತೆಗೆದವರಿಗೆಲ್ಲ ಹಾಸ್ಟೆಲ್ ಊಟ, ನಿಂತುಹೋದ ಸ್ಕಾಲರ್‌ಶಿಪ್ ಬಗ್ಗೆ ಪ್ರಾಂಶುಪಾಲರ ಹತ್ತಿರ ಮಾತಾಡುವ ಧೈರ್ಯ ಇರುತ್ತದೆ ಅಂತ ಹೇಳಲಾಗದು.

ಚುನಾವಣೆ ಅಂದರೆ ಹೊಡೆದಾಟ ಎಂಬ ಉಮ್ಮಂದಿರ ಹೆದರಿಕೆ ಸುಳ್ಳಲ್ಲ. ಅದಕ್ಕೆಂದೇ ಲಿಂಗ್ಡೊ ಸಮಿತಿ 2006ರಲ್ಲಿ ನಿಯಮ ಸೂಚಿಸಿತು. ಅಭ್ಯರ್ಥಿಗೆ ಶೇ. 75 ಹಾಜರಾತಿ ಇರಬೇಕು, ಖರ್ಚು 5,000 ರೂಪಾಯಿ ದಾಟಬಾರದು. ಸುಪ್ರೀಂ ಕೋರ್ಟ್ ಕೂಡ ಅದನ್ನು ಪಾಲಿಸಲು ಹೇಳಿತು.

ಸರಕಾರ ತಡೆ ತೆಗೆಯುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಹಾಸ್ಟೆಲ್ ಸಮಿತಿ, ಸಾಹಿತ್ಯ ಸಂಘ, ಎನ್ನೆಸ್ಸೆಸ್ ತಂಡ, ಇಲ್ಲೆಲ್ಲ ಮಕ್ಕಳೇ ತಮ್ಮವರನ್ನು ಆರಿಸಲಿ. ಆರಿಸಿ ಬಂದವರು ಖರ್ಚಿನ ಲೆಕ್ಕವನ್ನು ಎಲ್ಲರ ಮುಂದೆ ಓದಲಿ. ಕರಾವಳಿಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಓದಲು ಬರುವ ನಮ್ಮ ಬ್ಯಾರಿ ಮಕ್ಕಳೂ ಹಿಂದೆ ಸರಿಯದಿರಲಿ. ಮಗಳು "ನಾನೂ ನಿಲ್ಲುತ್ತೇನೆ" ಅಂದರೆ, "ನಿನಗ್ಯಾಕೆ ಅದೆಲ್ಲ" ಅನ್ನಬೇಡಿ. ನಾಳೆ ಮೊಹಲ್ಲಾಕ್ಕೆ ಕಷ್ಟ ಬಂದಾಗ ಅರ್ಜಿ ಹಿಡಿದು ಮುಂದೆ ನಿಲ್ಲುವವಳು ಅವಳೇ ಆಗಬಹುದು.