ಭಾನುವಾರ ಸಂಜೆಯಿಂದ ಲೆಕ್ಕ ಹಾಕಿ

ಚೆನ್ನೈನ ಪ್ಯಾರೀಸ್ ಕಾರ್ನರ್‌ನಿಂದ ಊಟಿಗೆ ಹೆಚ್ಚುಕಡಿಮೆ 560 ಕಿಲೊಮೀಟರ್. ರಾಜಾಜಿ ಸಾಲೈ ಮತ್ತು ಎನ್‌ಎಸ್‌ಸಿ ಬೋಸ್ ರಸ್ತೆ ಕೂಡುವ ಈ ಮೂಲೆಯ ಸುತ್ತಲಿನ ಬ್ಯಾಂಕು, ಕಚೇರಿ, ಸಗಟು ಅಂಗಡಿಗಳಲ್ಲಿ ವಾರವಿಡೀ ದುಡಿಯುವ ಯುವಕರಿಗೆ ಬೆಟ್ಟದ ರಸ್ತೆ ಆಸೆ ಹುಟ್ಟಿಸುವುದು ಸಹಜವೇ. 1955ರಲ್ಲಿ ಮದ್ರಾಸ್ ಮೋಟರ್ಸ್ ಜತೆ ಸೇರಿ ಬುಲೆಟ್ ತಯಾರಿಕೆಗೆ ಇಳಿದ ಎನ್‌ಫೀಲ್ಡ್‌ನ ಹಳೆಯ ಕಾರ್ಖಾನೆ ಇರುವುದು ಇಲ್ಲಿಂದ ಉತ್ತರಕ್ಕೆ, ತಿರುವೊಟ್ಟಿಯೂರಿನಲ್ಲಿ. ಬೈಕಿನ ಮೋಹ ಈ ಊರಿಗೆ ಹೊಸದಲ್ಲ. ಆದರೆ ಶನಿವಾರ ನಸುಕಿಗೆ ಹೊರಟು ಭಾನುವಾರ ರಾತ್ರಿ ಮನೆ ಸೇರುತ್ತೇವೆಂದು ಊಟಿಯಿರುವ ನೀಲಗಿರಿಯನ್ನು ಆರಿಸಿಕೊಳ್ಳುವುದು ತಪ್ಪು ಲೆಕ್ಕ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಇರುವ ವೇಗಮಿತಿ ಗಂಟೆಗೆ 80 ಕಿಲೊಮೀಟರ್. ಊರುಗಳ ಸಂದಣಿ, ಪೆಟ್ರೋಲ್, ಊಟ, ಚಹಾ, ಕೊನೆಯ ಘಾಟಿ ಎಲ್ಲ ಸೇರಿ ಸರಾಸರಿ 50ಕ್ಕೆ ಇಳಿದರೆ ಒಂದು ಕಡೆಗೇ ಹನ್ನೊಂದು ಗಂಟೆ. ಬಸ್ಸು, ಲಾರಿ ಓಡಿಸುವುದೇ ಕಸುಬಾದವರಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದೂ ಹೇಳಿತ್ತು. ಕುರ್ಚಿಯ ಮೇಲೆ ವಾರ ಕಳೆದವರು ಬಿಸಿಲು, ಗಾಳಿ, ಹೊಗೆಗೆ ಮೈಯೊಡ್ಡಿ ಹನ್ನೊಂದು ಗಂಟೆ ಹ್ಯಾಂಡಲ್ ಹಿಡಿದು, ಮರುದಿನ ಮತ್ತೆ ಅಷ್ಟೇ ಹೊತ್ತು ಹಿಂದಿರುಗುವುದನ್ನು ವಿಹಾರ ಎನ್ನಲಾಗದು.

ಆದ್ದರಿಂದ ವಾರಾಂತ್ಯದ ಸವಾರಿಯ ಯೋಜನೆ ಶನಿವಾರ ಬೆಳಗಿನಿಂದ ಶುರುವಾಗಬಾರದು, ಭಾನುವಾರ ಸಂಜೆಯಿಂದ ಹಿಂದಕ್ಕೆ ಬರಬೇಕು. ಕತ್ತಲಾಗುವ ಮುನ್ನ ಶ್ರೀಪೆರಂಬದೂರು ದಾಟಿ ನಗರದೊಳಗೆ ಇರಬೇಕೆಂದರೆ ಬೆಟ್ಟವನ್ನು ಎಷ್ಟು ಹೊತ್ತಿಗೆ ಇಳಿಯಬೇಕು? ಹಾಗೆ ಇಳಿಯಬೇಕೆಂದರೆ ಯಾವ ಬೆಟ್ಟ ಹತ್ತಬೇಕು? ತಡವಾದವನೇ ಆತುರಪಡುತ್ತಾನೆ, ಆತುರಪಟ್ಟವನೇ ತಿರುವಿನಲ್ಲಿ ಓವರ್‌ಟೇಕ್‌ಗೆ ಕೈಹಾಕುತ್ತಾನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಒಟ್ಟು ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚಿನವಕ್ಕೆ ಅತಿವೇಗವನ್ನು ಕಾರಣವಾಗಿ ದಾಖಲಿಸಲಾಗಿದೆ. ಬೆಟ್ಟದಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಠಿಣ. ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಗೇರಿನಲ್ಲಿಟ್ಟು ಎಂಜಿನ್ನಿಗೇ ತಡೆಯುವ ಕೆಲಸ ಬಿಡಬೇಕು, ಹತ್ತಿ ಬರುವ ವಾಹನಕ್ಕೆ ದಾರಿ ಕೊಡಬೇಕು. ಇಷ್ಟು ಎಚ್ಚರ ಬೇಡುವ ಕೆಲಸ ಪ್ರವಾಸದ ಎರಡನೇ ದಿನಕ್ಕೆ, ಮೈ ದಣಿದಿರುವಾಗ ಬೀಳುತ್ತದೆ.

ಈ ಅಳತೆಗೆ ಒಗ್ಗುವುದು ಏಲಗಿರಿ. ಬೆಂಗಳೂರು ಹೆದ್ದಾರಿಯಲ್ಲಿ ವೇಲೂರು, ಆಂಬೂರು, ವಾಣಿಯಂಬಾಡಿ ಹಾದು ಜೋಲಾರಪೇಟೆಯ ಬಳಿ ಸಿಗುವ ಈ ಬೆಟ್ಟ ಚೆನ್ನೈಯಿಂದ ಸುಮಾರು 230 ಕಿಲೊಮೀಟರ್, ಬೆಂಗಳೂರಿನಿಂದ ಸುಮಾರು 160. ಎರಡೂ ಊರುಗಳಲ್ಲಿ ಹಂಚಿಹೋಗಿರುವ ಕನ್ನಡದ ಗೆಳೆಯರು, ಅಣ್ಣತಮ್ಮಂದಿರು ಮಧ್ಯದಲ್ಲಿ ಸಂಧಿಸಲು ಇದಕ್ಕಿಂತ ಅನುಕೂಲದ ಜಾಗ ಹುಡುಕುವುದು ಕಷ್ಟ. ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿನಷ್ಟು ಎತ್ತರ, ಏರಲು 14 ಹೇರ್‌ಪಿನ್ ತಿರುವುಗಳು. ತಿರುವುಗಳಿಗೆ ತಮಿಳು ಕವಿಗಳ, ದಾನಶೂರ ಅರಸರ ಹೆಸರಿಟ್ಟಿದ್ದಾರೆ. ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೇಲೆ, ಭಾನುವಾರ ಬೆಳಗಿನ ತಿಂಡಿ ಮುಗಿಸಿ ಇಳಿದರೆ ಬೆಳಕಿರುವಾಗಲೇ ಮನೆ.

ಏಲಗಿರಿಯಲ್ಲಿ ಊಟಿಯ ಸೊಬಗೆಲ್ಲಿ ಎಂಬ ಆಕ್ಷೇಪ ಬರುತ್ತದೆ. ನಿಜ, ಚಹಾ ತೋಟಗಳ ವಿಸ್ತಾರವಾಗಲಿ ಶೋಲಾ ಕಾಡಾಗಲಿ ಇಲ್ಲಿಲ್ಲ. ಆದರೆ ಎರಡು ದಿನದ ಸವಾರನಿಗೆ ಊಟಿಯಲ್ಲಿ ಸಿಗುವುದಾದರೂ ಏನು? ಸಂಜೆಗೆ ತಲುಪಿ, ನಿದ್ದೆಗಣ್ಣಿನಲ್ಲಿ ಎದ್ದು, ಹೊತ್ತೇರುವ ಮೊದಲೇ ಇಳಿಯುವವನಿಗೆ ನೀಲಗಿರಿ ಕಾಣುವುದೇ ಇಲ್ಲ. ಅದಕ್ಕೆ ನಾಲ್ಕು ದಿನದ ರಜೆ ಬೇಕು, ಇಲ್ಲವೇ ಕೊಯಮತ್ತೂರಿನವರೆಗೆ ರೈಲು ಹಿಡಿಯಬೇಕು. ಇನ್ನೊಂದು ಮಾತನ್ನು ಪ್ಯಾರೀಸ್ ಕಾರ್ನರ್‌ನಲ್ಲೇ ಇರುವ ಮದ್ರಾಸ್ ಹೈಕೋರ್ಟ್ ಹೇಳಿಯಾಗಿದೆ. ಋತುವಿನ ಕಾಲದಲ್ಲಿ ದಿನಕ್ಕೆ ಸುಮಾರು 20,000 ವಾಹನ ನೀಲಗಿರಿ ಏರುತ್ತಿದ್ದುದನ್ನು ಕಂಡು 2024ರ ಮೇ 7ರಿಂದ ಇ-ಪಾಸ್ ಕಡ್ಡಾಯಗೊಳಿಸಿತು. 2025ರ ಬೇಸಿಗೆಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಿತು. ಆ 20,000ದಲ್ಲಿ ಆರು ಸಾವಿರಕ್ಕೂ ಹೆಚ್ಚು ದ್ವಿಚಕ್ರ ವಾಹನಗಳೇ ಇದ್ದವು.

ಹೀಗೆ ಎಲ್ಲರೂ ಏಲಗಿರಿಗೆ ನುಗ್ಗಿದರೆ ಅದೂ ಕೆಡದೇ ಎಂಬುದು ಹೆಚ್ಚು ತೂಕದ ಪ್ರಶ್ನೆ. ಕೆಡುತ್ತದೆ; ಸಣ್ಣ ಬೆಟ್ಟವಾದ್ದರಿಂದ ಬೇಗ ಕೆಡುತ್ತದೆ. ಅದಕ್ಕೆ ಉತ್ತರ ದೂರದ ಬೆಟ್ಟಕ್ಕೆ ಓಡುವುದರಲ್ಲಿಲ್ಲ. ಜವ್ವಾದಿ ಬೆಟ್ಟ, ಆಂಧ್ರದ ಹಾರ್ಸ್ಲಿ ಬೆಟ್ಟಗಳ ನಡುವೆ ವಾರಗಳನ್ನು ಹಂಚಿಕೊಳ್ಳಬಹುದು, ಸೈಲೆನ್ಸರ್ ಬದಲಿಸಿ ಊರವರ ನಿದ್ದೆ ಕೆಡಿಸದಿರಬಹುದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯಲ್ಲಿ ಬೆಟ್ಟವನ್ನು ಅದರ ಪಾಡಿಗೆ ಬಿಡಬಹುದು. ಮುಂಗಾರಿನ ಲೆಕ್ಕವಷ್ಟೇ ಗೊತ್ತಿರುವ ಕನ್ನಡನಾಡಿನವರು ಈ ಕೊನೆಯದನ್ನು ಮರೆಯಬಾರದು. ಈ ವಾರ ಹೊರಡುವವರಲ್ಲಿ ಒಂದೇ ವಿನಂತಿ: ಟಯರು, ಬ್ರೇಕು, ಹಿಂಬದಿ ಸವಾರನ ಹೆಲ್ಮೆಟ್ ನೋಡಿಕೊಳ್ಳುವಾಗಲೇ ಭಾನುವಾರ ಬೆಟ್ಟ ಇಳಿಯುವ ಹೊತ್ತನ್ನೂ ಮನೆಯವರಿಗೆ ಬರೆದುಕೊಟ್ಟು ಹೊರಡಿ.