ಚುನಾವಣೆ ಹೆತ್ತ ಕೊಲೆಗಾರರು

ಟಿಪ್ಪು ಸುಲ್ತಾನ್ ಸತ್ತದ್ದು 1799ರ ಮೇ 4ರಂದು, ಇಂಗ್ಲಿಷರ ದಂಡು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಿನ. ಹ್ಯಾರಿಸ್‌ನ ಮುತ್ತಿಗೆ, ನಿಜಾಮನ ಕುಮ್ಮಕ್ಕು, ಬೇರ್ಡ್‌ನ ಲಗ್ಗೆ, ಕತ್ತಲಲ್ಲಿ ಹೆಣಗಳ ರಾಶಿಯೊಳಗೆ ಶವ ಹುಡುಕಿದ್ದು, ಎಲ್ಲಕ್ಕೂ ದಾಖಲೆಯಿದೆ. ಇನ್ನೂರಿಪ್ಪತ್ತು ವರ್ಷ ದಾಟಿದ ಮೇಲೆ, ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ, ಅವನನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗ ವೀರರು ಎಂಬ ಮಾತು ಊರೂರಿಗೆ ಹಬ್ಬಿತು. 2023ರ ಮಾರ್ಚ್‌ನಲ್ಲಿ ಪ್ರಧಾನಿಯ ಸ್ವಾಗತಕ್ಕೆಂದು ಮಂಡ್ಯದಲ್ಲಿ ನಿಲ್ಲಿಸಿದ ಮಹಾದ್ವಾರದ ಮೇಲೂ ಆ ಹೆಸರುಗಳು ಏರಿದವು. ಗದ್ದಲವಾದ ಮೇಲೆ ಅಲ್ಲಿಗೆ ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂತು.

ಟಿವಿಯವರು ಕೇಳಿದ್ದು ಒಂದೇ: ಉರಿಗೌಡ, ನಂಜೇಗೌಡ ಇದ್ದರೋ, ಇಲ್ಲವೋ? ನೋಡಲು ನಿಷ್ಪಕ್ಷಪಾತದ ಪ್ರಶ್ನೆ. ಆದರೆ ಹಾಗೆ ಕೇಳಿದ ಕ್ಷಣವೇ ಆಧಾರವಿಲ್ಲದ ಮಾತಿಗೆ ದಾಖಲೆಯ ಪಕ್ಕ ಸರಿಸಮ ಕುರ್ಚಿ ಸಿಕ್ಕಿತು. ಮಾತು ಹಬ್ಬಿಸಿದವನು ಸಾಕ್ಷಿ ತರಬೇಕಿಲ್ಲ. ಅಲ್ಲಗಳೆಯುವವನೇ ಓಡಾಡಿ ಹುಡುಕಬೇಕು. ಈ ಗಲಾಟೆಯಲ್ಲಿ ನಿಜವಾಗಿ ಕೊಂದ ಕಂಪನಿ ಸರ್ಕಾರ ಸದ್ದಿಲ್ಲದೆ ಜಾಗ ಖಾಲಿ ಮಾಡಿತು.

ಆಗಿನ ವಿರೋಧ ಪಕ್ಷದವರೂ ಅದೇ ಬಲೆಗೆ ಬಿದ್ದರು. ಇದು ಸುಳ್ಳು ಎನ್ನುವುದಕ್ಕಿಂತ ಗಟ್ಟಿಯಾಗಿ ಅವರು ಕೂಗಿದ್ದು, ಇದು ಒಕ್ಕಲಿಗರಿಗೆ ಮಾಡಿದ ಅವಮಾನ ಎಂದು. ಇತಿಹಾಸದ ಪ್ರಶ್ನೆ ಜಾತಿಯ ಮಾನದ ಪ್ರಶ್ನೆಯಾಯಿತು. ಇದೇ ಕಥೆಯ ಮೇಲೆ ಅಂದಿನ ಸಚಿವ ಮುನಿರತ್ನ ಅವರು ಮಾಡಹೊರಟಿದ್ದ ಸಿನಿಮಾ ನಿಂತದ್ದು ಅದೇ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಕರೆಸಿ ಹೇಳಿದ ಮೇಲೆ. ಸ್ವಾಮೀಜಿ ದಾಖಲೆ ಕೇಳಿದ್ದು ಸರಿಯೇ. ಆದರೆ ಅದೇ ಮಾತನ್ನು ಇತಿಹಾಸದ ಮೇಷ್ಟ್ರೊಬ್ಬರು ಹೇಳಿದ್ದರೆ ಯಾವ ಸಚಿವರು ಕಿವಿಗೊಡುತ್ತಿದ್ದರು?

ಕಥೆ ತಾನೇ, ಇರಲಿ ಬಿಡಿ ಎನ್ನುವವರು 2023ರ ಫೆಬ್ರುವರಿಯನ್ನು ನೆನೆಯಲಿ. ಉರಿಗೌಡ, ನಂಜೇಗೌಡರು ಟಿಪ್ಪುವಿಗೆ ಮಾಡಿದಂತೆ ಸಿದ್ದರಾಮಯ್ಯನವರನ್ನೂ ಹೊಡೆದುಹಾಕಬೇಕು ಎಂಬರ್ಥದ ಮಾತನ್ನು ಅಂದಿನ ಸಚಿವ ಅಶ್ವತ್ಥನಾರಾಯಣ ಅವರು ಮಂಡ್ಯ ಜಿಲ್ಲೆಯ ಸಭೆಯಲ್ಲಿ ಆಡಿದರು. ಸೋಲಿಸಿ ಎಂದಷ್ಟೇ ತಮ್ಮ ಭಾವ ಎಂದು ಆಮೇಲೆ ವಿಷಾದಿಸಿದರು. ಗೌರಿ ಲಂಕೇಶ್ ಮತ್ತು ಕಲಬುರ್ಗಿಯವರನ್ನು ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದ ನಾಡಿನಲ್ಲಿ ಇಂಥ ಮಾತು ಬರೀ ಬಾಯಿಚಪಲ ಅಲ್ಲ.

ಚಿತ್ರದುರ್ಗದವರಾದ ನಮಗೆ ಇದು ಪರರ ಜಗಳ ಎನಿಸಬಾರದು. ದಳವಾಯಿಗಳ ಪಿತೂರಿ, ಪಾಳೆಯಗಾರರ ಕೊಲೆ, ಇವನ್ನೆಲ್ಲ ತ.ರಾ.ಸು. ‘ರಕ್ತರಾತ್ರಿ’ಯಂಥ ಕಾದಂಬರಿಗಳಲ್ಲಿ ಬರೆದರು, ಕಾದಂಬರಿ ಎಂದೇ ಹೇಳಿ ಬರೆದರು. ಅದಕ್ಕೂ ಮೊದಲು ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಶಾಸನ, ಬಖೈರುಗಳ ಬೆನ್ನುಹತ್ತಿದ್ದರು. ಒನಕೆ ಓಬವ್ವನನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ನೋಡಿದ್ದು 1972ರ ‘ನಾಗರಹಾವು’ ಸಿನಿಮಾದಲ್ಲಿ. ಕೋಟೆಯ ಒನಕೆ ಕಿಂಡಿಯ ಮುಂದೆ ನಿಂತಾಗ ಕಣ್ಣಿಗೆ ಬರುವುದು ಜಯಂತಿಯವರ ಮುಖವೇ. ಸಿನಿಮಾ ಎಲ್ಲಿ ಮುಗಿದು ಊರಿನ ನೆನಪು ಎಲ್ಲಿ ಶುರುವಾಗುತ್ತದೆಂದು ಹೇಳುವುದು ನಮಗೂ ಕಷ್ಟ.

1779ರಲ್ಲಿ ಟಿಪ್ಪುವಿನ ತಂದೆ ಹೈದರನಿಗೆ ಸೆರೆಸಿಕ್ಕು ಶ್ರೀರಂಗಪಟ್ಟಣಕ್ಕೆ ಹೋದ ದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕನ ಸಾವಿನ ಬಗ್ಗೆ ನಮ್ಮೂರಲ್ಲಿ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಹೀಗೆ ದಾಖಲೆ ಖಾಲಿ ಬಿಟ್ಟ ಜಾಗ ಫ್ಲೆಕ್ಸ್ ಬರೆಸುವವರ ಕಣ್ಣಿಗೆ ಬೇಗ ಬೀಳುತ್ತದೆ. ಮುಂದಿನ ಚುನಾವಣೆಗೆ ಮದಕರಿಯನ್ನು ಕೊಂದವರ ಹೆಸರು, ಕುಲ, ಗೋತ್ರ ಹಿಡಿದು ಯಾರಾದರೂ ಗಾಂಧಿ ವೃತ್ತಕ್ಕೆ ಬಂದರೆ, ಅವರು ಯಾವ ಜಾತಿ ಎಂದು ವಿಚಾರಿಸುವ ಮೊದಲು ಯಾವ ಕಡತದಲ್ಲಿದೆ ತೋರಿಸಿ ಎನ್ನೋಣ.