ಕೆಸರಲ್ಲಿ ನಿಂತವರ ಮಾತು ಕೇಳಿ

2011ರ ಅಕ್ಟೋಬರ್ 31, ಸೋಮವಾರ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಕಾಫಿಗೆ ಜನ ಸೇರುವ ಹೊತ್ತು. ಬೆಂಗಳೂರು ಬಸ್ಸಿನಿಂದ ನಾಲ್ಕು ಹುಡುಗರು ಇಳಿದರು. ಎಲ್ಲರಿಗೂ ಕರಿ ಟೀ ಶರ್ಟು, ಮಂಡಿವರೆಗೆ ಕೆಸರು. ಒಬ್ಬನ ಕಾಲಲ್ಲಿ ಒಂದೇ ಬೂಟು. "ಎಲ್ಲಿ ನಾಟಿ ಹಾಕಿ ಬಂದ್ರಪ್ಪಾ?" ಅಂತ ಹೋಟೆಲಿನವರು ಕೇಳಿದರೆ, "ಆಂ? ಏನಂದ್ರಿ?" ಎಂದು ನಾಲ್ಕೂ ಜನ ಒಟ್ಟಿಗೆ ಕಿರುಚಿದರು. ಕಿವಿ ಇನ್ನೂ ಗುಂಯ್ ಅನ್ನುತ್ತಿತ್ತು.

ಅವರು ನನ್ನ ಗೆಳೆಯರು. ಹಿಂದಿನ ದಿನ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡದ ರಾಕ್ ಸಂಗೀತಕ್ಕೆ ಹೋಗಿದ್ದರು. ನಾನು ಹೋಗಿರಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಕಾಲ. ಟಿಕೆಟ್ಟಿಗೆ ದುಡ್ಡು ಕೇಳುವ ಮುಖ ಎಲ್ಲಿತ್ತು ಸ್ವಾಮಿ? ಕೇಳಿದ ಕಥೆಯಷ್ಟೇ ನನ್ನ ಪಾಲು. ಆದರೆ ಅಂದಿನಿಂದ ಇಂದಿನವರೆಗೂ ಕೇಳುತ್ತಲೇ ಇದ್ದೇನೆ.

ಒಬ್ಬ ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನಿಗೆ ನೆನಪಿರುವುದು ಮೆಟಾಲಿಕಾಕ್ಕಿಂತ ಮೊದಲು ಸ್ಟೇಜು ಹತ್ತಿದವರು. ಬೆಂಗಳೂರಿನದೇ ತಂಡ ಇನ್ನರ್ ಸ್ಯಾಂಕ್ಟಮ್, ನಮ್ಮ ದೇಶದ್ದೇ ಇನ್ನೊಂದು ತಂಡ ಗಿಲೊಟಿನ್, ಸ್ಕಾಟ್ಲೆಂಡಿನ ಬಿಫಿ ಕ್ಲೈರೊ. "ದೊಡ್ಡೋರು ಬರೋದು ಗೊತ್ತೇ ಇತ್ತು. ನಮ್ಮ ಬೆಂಗಳೂರಿನ ಹುಡುಗ್ರು ಅದೇ ಸ್ಟೇಜ್ ಮೇಲೆ ನಿಂತಿದ್ದು ನೋಡಿ ಎದೆ ಉಬ್ಬಿತು" ಅನ್ನುತ್ತಾನೆ. ಸರಿಯಾದ ಮಾತು. ನಮ್ಮ ಕುರುಕ್ಷೇತ್ರ ನಾಟಕದಲ್ಲಿ ಭೀಮ ಬರುವ ತನಕ ಸಣ್ಣ ಪಾತ್ರದವರೇ ತಾನೆ ಜನರನ್ನು ಹಿಡಿದಿಡುವುದು?

ಎರಡನೆಯವ ಬಸ್ ಕಂಡಕ್ಟರ್. ಅವನಿಗೆ ಹಾಡಿಗಿಂತ ಜನ ನೆನಪು. ಮಳೆ ಬಂದು ಮೈದಾನ ಗದ್ದೆಯಾಗಿತ್ತಂತೆ. ಜಾರಿ ಬಿದ್ದವನನ್ನು ಗುರುತು ಪರಿಚಯ ಇಲ್ಲದ ನಾಲ್ಕು ಕೈ ಎತ್ತಿ ನಿಲ್ಲಿಸಿದವಂತೆ. 'ನಥಿಂಗ್ ಎಲ್ಸ್ ಮ್ಯಾಟರ್ಸ್' ಶುರುವಾದಾಗ ಮೈದಾನಕ್ಕೆ ಮೈದಾನವೇ ಹಾಡಿತಂತೆ. "ನನ್ನ ಬಸ್ಸಲ್ಲಿ ಒಂದು ಸೀಟಿಗೆ ಕಾಲರ್ ಹಿಡೀತಾರೆ. ಅಲ್ಲಿ ಕಾಲು ತುಳಿದೋನೇ ಸಾರಿ ಗುರು ಅಂತಿದ್ದ" ಎಂದು ಈಗಲೂ ಆಶ್ಚರ್ಯಪಡುತ್ತಾನೆ.

ಮೂರನೆಯವ ಮೆಡಿಕಲ್ ಸ್ಟೋರಿನವನು. ಬೂಟು ಕಳೆದುಕೊಂಡವನು ಅವನೇ. ಮೂರು ದಿನ ಕಿವಿ ಸರಿಯಾಗಿ ಕೇಳಲಿಲ್ಲ ಎಂದು ಇವತ್ತಿಗೂ ದೂರುತ್ತಾನೆ. ಡಿ.ಜೆ. ಕಡೆ ಹೊರಟ ಹುಡುಗರಿಗೆ ಅಂಗಡಿಯಿಂದ ಪುಕ್ಕಟೆ ಹತ್ತಿ ಕೊಟ್ಟು, ಸ್ಪೀಕರಿನಿಂದ ದೂರ ನಿಲ್ಲಿ ಅಂತ ಕಳಿಸುತ್ತಾನೆ. ನಾಲ್ಕನೆಯವನಿಗೆ ಹಿಡಿಸಲೇ ಇಲ್ಲ. ಹಿಂದುಗಡೆ ನಿಂತವನಿಗೆ ಕಂಡದ್ದು ದೊಡ್ಡ ಪರದೆ ಮಾತ್ರ. "ದುಡ್ಡು ಕೊಟ್ಟು ಕೆಸರಲ್ಲಿ ನಿಂತು ಟಿ.ವಿ. ನೋಡ್ದಂಗಾಯ್ತು" ಅನ್ನುತ್ತಾನೆ. ಅದೂ ನಿಜವೇ ಇರಬೇಕು.

ಇವರ ಕಥೆ ಈಗ ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ಇದೇ ಮೆಟಾಲಿಕಾ ಎರಡು ದಿನ ಮೊದಲು, ಅಕ್ಟೋಬರ್ 28ರಂದು, ದೆಹಲಿ ಪಕ್ಕದ ಗುರ್‌ಗಾಂವ್‌ನಲ್ಲಿ ಹಾಡಬೇಕಿತ್ತು. ಜನ ಗಂಟೆಗಟ್ಟಲೆ ಕಾದರು. ಕಡೆಗೆ ಬಂದ ಸುದ್ದಿ, ಇವತ್ತಿಲ್ಲ, ಮುಂದಕ್ಕೆ ಹಾಕಿದೆ ಎಂದು. ರೊಚ್ಚಿಗೆದ್ದವರು ಸ್ಟೇಜಿಗೆ ನುಗ್ಗಿ ಸಾಮಾನು ಒಡೆದರು. ಮಾರನೆಯ ದಿನ ಕಾರ್ಯಕ್ರಮವೇ ರದ್ದು. ಸಂಘಟಕರ ಕಡೆಯ ಕೆಲವರನ್ನು ಪೊಲೀಸರು ಹಿಡಿದೊಯ್ದರು. ಅದೇ ತಂಡ, ಅದೇ ವಯಸ್ಸಿನ ಹುಡುಗರು, ಅದೇ ಕರಿ ಟೀ ಶರ್ಟು. ಒಂದು ಊರಲ್ಲಿ ಒಡೆದಾಟ, ಇನ್ನೊಂದು ಊರಲ್ಲಿ ಮಳೆಯಲ್ಲೂ ಹಾಡು.

ರಾಕ್ ಸಂಗೀತ ಹುಡುಗರ ತಲೆ ಕೆಡಿಸುತ್ತೆ ಎಂದು ಮೂಗು ಮುರಿಯುವ ಹಿರಿಯರು ಇದಕ್ಕೇನು ಹೇಳುತ್ತಾರೆ? ತಲೆ ಕೆಡಿಸಿದ್ದು ಸಂಗೀತವಾಗಿದ್ದರೆ ಬೆಂಗಳೂರೂ ಕೆಡಬೇಕಿತ್ತು. ಒಡೆದದ್ದು ತಪ್ಪೇ. ಆದರೆ ದುಡ್ಡು ತೆಗೆದುಕೊಂಡು, ಹೊತ್ತು ಮುಳುಗುವ ತನಕ ನಿಲ್ಲಿಸಿ, ಆಮೇಲೆ ಇಲ್ಲ ಅಂದರೆ ಯಾವ ಜನ ಸುಮ್ಮನಿರುತ್ತಾರೆ? ಮಳೆಯನ್ನು ಜನ ಸಹಿಸುತ್ತಾರೆ. ಕತ್ತಲಲ್ಲಿ ಇಟ್ಟರೆ ಸಹಿಸುವುದಿಲ್ಲ.

ರಾಕ್ ಮಾತು ಬಿಡಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಬಾಗಿಲಲ್ಲಿ ಏನಾಯಿತು? ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಹೋದ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಒಳಗೆ ಹೋಗಲು ಪಾಸು ಬೇಕೋ ಬೇಡವೋ ಎಂಬುದೇ ಜನಕ್ಕೆ ಸ್ಪಷ್ಟ ಇರಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಮನೆಯ ಮಕ್ಕಳ ವಯಸ್ಸಿನವರು.

ಈಗ ನಮ್ಮೂರಿಗೆ ಬನ್ನಿ. ಗಣೇಶನ ಹಬ್ಬ, ರಾಜ್ಯೋತ್ಸವ ಬಂತೆಂದರೆ ರಸಮಂಜರಿ, ಆರ್ಕೆಸ್ಟ್ರಾ, ಡಿ.ಜೆ. ಹೋದ ವರ್ಷ ಒಂದು ಕಾರ್ಯಕ್ರಮಕ್ಕೆ ವರದಿ ಮಾಡಲು ಹೋಗಿದ್ದೆ. ಪೋಸ್ಟರಿನಲ್ಲಿ ಸಂಜೆ 6 ಗಂಟೆ. ಹಾರ ತುರಾಯಿ, ಗಣ್ಯರ ಭಾಷಣ ಮುಗಿದು ಮೊದಲ ಹಾಡು ಬಂದದ್ದು ಒಂಬತ್ತಕ್ಕೆ. ತಡ ಯಾಕೆ ಅಂತ ಒಬ್ಬರೂ ಮೈಕಿನಲ್ಲಿ ಹೇಳಲಿಲ್ಲ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ನಿರ್ಬಂಧ, 2000ನೇ ಇಸವಿಯ ನಿಯಮ. ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸಿ ಅಂದರು. ಮೂರು ಗಂಟೆ ಕಾದವರಿಗೆ ಒಂದು ಗಂಟೆ ಹಾಡು. ಕುರ್ಚಿ ಹಾರಿದವು. ಅಕ್ಕಪಕ್ಕದ ಅಂಗಡಿಯವರು ಅರ್ಧ ಶಟರ್ ಎಳೆದು ಒಳಗೆ ಕೂತರು. ಹಳ್ಳಿಗಳ ಕಡೇ ಬಸ್ಸು ಹೊರಟುಹೋಗಿತ್ತು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಬೆಳಗು ಮಾಡಿದರು. ಮಾರನೆಯ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ಈಗಿನ ಹುಡುಗರಿಗೆ ಶಿಸ್ತಿಲ್ಲ!

ಶಿಸ್ತು ಯಾರಿಗಿಲ್ಲ ಸ್ವಾಮಿ? ಹುಡುಗರಿಗೋ, ಮೂರು ಗಂಟೆ ತಡ ಮಾಡಿದವರಿಗೋ?

ಆದ್ದರಿಂದ ಹಬ್ಬದ ಪರವಾನಗಿ ಕೊಡುವ ಮೊದಲು ನಾಲ್ಕು ಮಾತು ಬರೆಸಿಕೊಳ್ಳಲಿ. ಪೋಸ್ಟರಿನ ಟೈಮು ನಿಜದ ಟೈಮಾಗಿರಬೇಕು, ಭಾಷಣ ಬೇಕಾದರೆ ಅದಕ್ಕೆ ಮೊದಲೇ ಮುಗಿಸಲಿ. ತಡವಾದರೆ, ರದ್ದಾದರೆ, ಇದ್ದದ್ದು ಇದ್ದಹಾಗೆ ಮೈಕಿನಲ್ಲಿ ತಕ್ಷಣ ಹೇಳಬೇಕು. ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಹೊರಹೋಗಲು ತೆರೆದ ದಾರಿ ಇರಬೇಕು. ಡಿಪೋಗೆ ಮೊದಲೇ ತಿಳಿಸಿ ಹಳ್ಳಿ ರೂಟಿಗೆ ಎರಡು ಬಸ್ಸು ಹೆಚ್ಚಿಗೆ ಬಿಡಿಸಬೇಕು. ಇದರಲ್ಲಿ ಕೋಟಿ ಖರ್ಚಿನದು ಒಂದೂ ಇಲ್ಲ. ಚಂದಾ ಕೊಡುವ ಅಂಗಡಿಯವರೂ ಬರಿಗೈ ಮುಗಿಯದೆ ಇಷ್ಟನ್ನು ಕೇಳಿಯೇ ರಸೀದಿ ಹರಿಸಲಿ.

ಅವತ್ತು ಕೆಸರಲ್ಲಿ ನಿಂತ ನಾಲ್ವರಿಗೂ ಈಗ ಮಕ್ಕಳಿದ್ದಾರೆ. ಆ ಮಕ್ಕಳೂ ನಾಳೆ ಯಾವುದೋ ಮೈದಾನಕ್ಕೆ ಹೋಗುತ್ತಾರೆ. ಬೇಡ ಅಂದರೆ ಕೇಳುವ ವಯಸ್ಸಲ್ಲ. ಒಂದು ಬೂಟು ಕಳೆದುಕೊಂಡು ಬಂದರೆ ಚಿಂತೆಯಿಲ್ಲ. ಬೆಳಗಿನ ಬಸ್ಸಿಗೆ ಮನೆಗೆ ಬರಬೇಕು, ಅಷ್ಟೆ.

ಸಂಬಂಧಪಟ್ಟವರು ಮುಂದಿನ ಹಬ್ಬಕ್ಕೆ ಮೊದಲು ಇತ್ತ ಗಮನ ಕೊಡುವರೇ?